ಕರೋಡಗಿರಿ ನಾಕೆಯಿಂದ ಜಪಾನಿನವರೆಗೆ

ನಿಜಾಮರ ಆಳಿಕೆಯಲ್ಲಿ ಸುಂಕದ ಇಲಾಖೆಗೆ ಕರೋಡಗಿರಿ ಎಂದು ಹೆಸರು. ಬೀದರ, ಭಾಲ್ಕಿ, ಔರಾದಗಳ ಸರಕು ಸೊಲ್ಲಾಪುರದ ಕಡೆ ಬ್ರಿಟಿಷ್ ಸೀಮೆಗೆ ಹೊರಟರೆ ಅದರ ನಾಕೆಯಲ್ಲಿ ನಿಲ್ಲಲೇಬೇಕಿತ್ತು. ದರ ನೂರಕ್ಕೆ 5. ಈಸ್ಟ್ ಇಂಡಿಯಾ ಕಂಪನಿಯೊಡನೆ 1802ರಲ್ಲಿ ಆದ ವಾಣಿಜ್ಯ ಒಪ್ಪಂದದಿಂದ ಬಂದ ದರವದು. ಒಳಬರುವ ಸರಕಿಗೂ ಸುಂಕ, ಹೊರಹೋಗುವುದಕ್ಕೂ ಸುಂಕ. ವಿಲಾಯತಿ ಸಾಮಾನಂತೂ ಮುಂಬೈ ಬಂದರಿನಲ್ಲಿ ಬ್ರಿಟಿಷರಿಗೊಮ್ಮೆ, ಗಡಿಯಲ್ಲಿ ನಿಜಾಮರಿಗೊಮ್ಮೆ ತೆತ್ತು ಬರುತ್ತಿತ್ತು. ಎರಡರ ಭಾರವೂ ಕೊನೆಗೆ ಸಂತೆಯಲ್ಲಿ ಕೊಂಡವನ ಮೇಲೆಯೇ.

ಆದರೂ 1929ರ ಆರ್ಥಿಕ ಕುಸಿತದ ನಂತರ ಜಗತ್ತಿನಲ್ಲಿ ಎದ್ದ ಸುಂಕದ ಗೋಡೆಗಳ ಮುಂದೆ ಇದು ಹೊಲದ ಬದುವಿನಷ್ಟೇ. ಅಮೆರಿಕ 1930ರಲ್ಲಿ ಸ್ಮೂಟ್-ಹಾಲಿ ಕಾಯ್ದೆ ತಂದು ಆಮದು ಸುಂಕ ಏರಿಸಿತು. ಉಳಿದ ದೇಶಗಳೂ ಅದೇ ದಾರಿ ಹಿಡಿದವು. ತಮ್ಮ ಕಾರ್ಖಾನೆ, ತಮ್ಮ ಕೂಲಿಕಾರರು ಉಳಿಯಲಿ ಎಂಬುದು ಎಲ್ಲರ ವಾದ. ಒಬ್ಬನ ಆಮದು ಇನ್ನೊಬ್ಬನ ರಫ್ತು ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಇದರ ಬಿಸಿ ಭಾರತದ ಹತ್ತಿಗೆ ತಟ್ಟಿದ್ದು 1933ರಲ್ಲಿ. ಜಪಾನಿನ ಅಗ್ಗದ ಬಟ್ಟೆಯಿಂದ ಇಲ್ಲಿನ ಗಿರಣಿಗಳನ್ನು ಕಾಪಾಡಲೆಂದು ಸರ್ಕಾರ ಬ್ರಿಟನ್ನಿನದಲ್ಲದ ಬಟ್ಟೆಯ ಮೇಲಿನ ಸುಂಕವನ್ನು ಶೇಕಡಾ 75ಕ್ಕೆ ಏರಿಸಿತು. ಜಪಾನಿನ ನೂಲು ಗಿರಣಿಗಳು ಭಾರತದ ಹತ್ತಿ ಕೊಳ್ಳುವುದನ್ನೇ ನಿಲ್ಲಿಸಿದವು. ಅದೇ ನಮ್ಮ ಹತ್ತಿಯ ದೊಡ್ಡ ಗಿರಾಕಿ! ಗಿರಣಿ ಮಾಲೀಕನಿಗೆ ರಕ್ಷಣೆ, ಹತ್ತಿ ಬೆಳೆದವನಿಗೆ ಶಿಕ್ಷೆ. 1934ರಲ್ಲಿ ರಾಜಿಯಾಯಿತು: ಜಪಾನ್ 10 ಲಕ್ಷ ಅಂಡಿಗೆ ಹತ್ತಿ ಕೊಂಡರೆ 32.5 ಕೋಟಿ ಗಜ ಬಟ್ಟೆ ಮಾರಬಹುದು.

ಈ ಜಗಳ ಬೀದರಕ್ಕೆ ದೂರದ್ದೆನಿಸಬಹುದು. ಆದರೆ ಉದಗೀರ, ಅಹಮದಪುರಗಳನ್ನೂ ಒಳಗೊಂಡಿದ್ದ ಅಂದಿನ ಜಿಲ್ಲೆಗೆ 1930ರ ದಶಕದ ಆರಂಭದಲ್ಲಿ ರೈಲು ಬಂದು, ಇಲ್ಲಿನ ಪೇಟೆ ಮುಂಬೈ ದರಕ್ಕೆ ಇನ್ನಷ್ಟು ಹತ್ತಿರವಾಗಿತ್ತು. ದರ ಇಳಿದರೂ ಕಂದಾಯ, ಸಾಹುಕಾರನ ಬಡ್ಡಿ ತಾವಾಗಿ ಇಳಿಯುವಂಥವಲ್ಲ.

ಗೋಡೆಯಿಂದ ಲಾಭವೇ ಆಗದೆಂದಲ್ಲ. 1932ರಲ್ಲಿ ಸಕ್ಕರೆಗೆ ರಕ್ಷಣೆ ಸಿಕ್ಕ ಮೇಲೆ ದೇಶದಲ್ಲಿ ಕಾರ್ಖಾನೆಗಳು ಸುಮಾರು 30ರಿಂದ ಕೆಲವೇ ವರ್ಷಗಳಲ್ಲಿ 130 ದಾಟಿದವು. ನೆರೆಯ ಬೋಧನದ ನಿಜಾಂ ಸಕ್ಕರೆ ಕಾರ್ಖಾನೆ 1937ರದ್ದು.

ಇಂದು ಅದೇ ಪ್ರಶ್ನೆ ತೊಗರಿಯದು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ತೊಗರಿ ಆಮದನ್ನು ವರ್ಷಕ್ಕೆ 2 ಲಕ್ಷ ಟನ್ನಿಗೆ ಮಿತಿಗೊಳಿಸಿದಾಗ ಗೋಡೆ ರೈತನ ಪರವಾಗಿತ್ತು. 2021ರ ಮೇ ತಿಂಗಳಲ್ಲಿ ಬೇಳೆ ದುಬಾರಿಯಾಯಿತೆಂದು ಅದೇ ಸರ್ಕಾರ ಆಮದು ಮುಕ್ತಗೊಳಿಸಿತು, ಮುಂಗಾರು ಬಿತ್ತನೆಗೆ ಇನ್ನೂ ಕೆಲವು ವಾರಗಳಿರುವಾಗ.