ಬೀಜ-ಕ್ಷೇತ್ರ ವಿಚಾರ: ಸ್ತನಾರ್ಬುದವೂ ಯಕೃತ್ತೂ

ಬೀಜವು ಪ್ರಧಾನವೋ ಕ್ಷೇತ್ರವು ಪ್ರಧಾನವೋ ಎಂಬ ಚರ್ಚೆ ನಮ್ಮ ಧರ್ಮಶಾಸ್ತ್ರಗಳಲ್ಲಿ ಬಹು ಹಿಂದಿನದು. ಅಂಥದೇ ಒಂದು ಉಪಮೆಯು ಅರ್ಬುದರೋಗದ ಶಾಸ್ತ್ರದಲ್ಲಿ ಹುಟ್ಟಿ, ಇಲಿಗಳ ದೇಹದಲ್ಲಿ ಪರೀಕ್ಷೆಗೊಳಗಾದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟನು ಸ್ತನಾರ್ಬುದದಿಂದ ಮಡಿದ 735 ರೋಗಿಗಳ ಶವಪರೀಕ್ಷೆಯ ವಿವರಗಳನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವಿಮರ್ಶಿಸಿದನು. ರೋಗವು ಯಕೃತ್ತಿಗೆ ಹಬ್ಬಿದ್ದುದು 241 ಮಂದಿಯಲ್ಲಿ. ಪ್ಲೀಹಕ್ಕೆ ಹಬ್ಬಿದ್ದುದು 17 ಮಂದಿಯಲ್ಲಿ ಮಾತ್ರ. ರಕ್ತಪ್ರವಾಹವೊಂದೇ ಕಾರಣವಾಗಿದ್ದರೆ, ಯಥೇಷ್ಟವಾಗಿ ರಕ್ತವನ್ನು ಪಡೆಯುವ ಪ್ಲೀಹಕ್ಕೆ ಈ ವಿನಾಯಿತಿ ಏಕೆ? ರೋಗಕಣವು ಬೀಜ, ಅವಯವವು ನೆಲ. ಇವೆರಡೂ ಒಗ್ಗದೆ ಬೆಳೆಯಿಲ್ಲವೆಂದು ಅವನು ನಿರ್ಣಯಿಸಿದನು. 1928ರಲ್ಲಿ ಅಮೆರಿಕದ ಜೇಮ್ಸ್ ಯೂಯಿಂಗನು ಇದನ್ನೊಪ್ಪದೆ, ರಕ್ತನಾಳಗಳ ಮಾರ್ಗವೇ ಸಾಕಾದ ಕಾರಣವೆಂದು ವಾದಿಸಿದನು.

ಶವವು ರೋಗದ ಕೊನೆಯನ್ನು ತೋರುವುದೇ ಹೊರತು ಅದು ನಡೆದ ದಾರಿಯನ್ನಲ್ಲ. ಆದುದರಿಂದ ವಾದವು ಇಲಿಗಳ ಕಡೆಗೆ ತಿರುಗಿತು. 1980ರಲ್ಲಿ ಹಾರ್ಟ್ ಮತ್ತು ಫಿಡ್ಲರ್ ಎಂಬವರು ಇಲಿಗಳ ಸ್ನಾಯುವಿನಲ್ಲಿ ಶ್ವಾಸಕೋಶ, ಅಂಡಾಶಯ, ಮೂತ್ರಪಿಂಡಗಳ ತುಣುಕುಗಳನ್ನು ನಾಟಿ, ಚರ್ಮದ ಅರ್ಬುದದ ಕಣಗಳನ್ನು ರಕ್ತಕ್ಕೆ ಸೇರಿಸಿದರು. ಮೊದಲೆರಡರಲ್ಲಿ ಗಡ್ಡೆ ಬೆಳೆಯಿತು, ಮೂತ್ರಪಿಂಡದಲ್ಲಿ ಬೆಳೆಯಲಿಲ್ಲ. ಪ್ಯಾಜೆಟನ ಪಕ್ಷಕ್ಕೆ ಬಲ ಬಂದಿತು.

ಸ್ತನಾರ್ಬುದದ ವಿಷಯದಲ್ಲಿ ಪ್ರಸಿದ್ಧವಾದುದು '4ಟಿ1' ಎಂಬ ಕಣಪರಂಪರೆ. ಇಲಿಯೊಂದರಲ್ಲಿ ತಾನಾಗಿ ಹುಟ್ಟಿದ ಸ್ತನದ ಗಡ್ಡೆಯೇ ಇದರ ಮೂಲ. 1992ರಲ್ಲಿ ಆಸ್ಲಾಕ್ಸನ್ ಮತ್ತು ಮಿಲ್ಲರ್ ಅದೇ ಗಡ್ಡೆಯಿಂದ ಬಂದ ಹಲವು ಪರಂಪರೆಗಳನ್ನು ಹೋಲಿಸಿ, ಒಂದೊಂದೂ ಹಬ್ಬುವ ದೂರ ಬೇರೆಬೇರೆಯೆಂದು ತೋರಿಸಿದರು. ಹೀಗೆ ಬೀಜದಲ್ಲಿಯೂ ಭೇದವುಂಟೆಂದಾಯಿತು. 4ಟಿ1 ಕಣಗಳನ್ನು ಇಲಿಯ ಸ್ತನದಲ್ಲಿ ನಾಟಿದರೆ ಅವು ಶ್ವಾಸಕೋಶ, ಯಕೃತ್ತು, ಎಲುಬುಗಳಿಗೆ ತಾವಾಗಿಯೇ ಹಬ್ಬುವುವು.

ಯಕೃತ್ತನ್ನೇ ಪ್ರತ್ಯೇಕವಾಗಿ ಪರೀಕ್ಷಿಸಲು ಇನ್ನೊಂದು ಕ್ರಮವುಂಟು: ಕಣಗಳನ್ನು ಪ್ಲೀಹಕ್ಕೆ ಚುಚ್ಚಿ ಸೇರಿಸುವುದು. ಅಲ್ಲಿಂದ ಅವು ದ್ವಾರಸಿರೆಯ ಮೂಲಕ ನೇರವಾಗಿ ಯಕೃತ್ತನ್ನು ಸೇರುವುವು. ಪ್ಯಾಜೆಟನ ಲೆಕ್ಕದಲ್ಲಿ ಬರಡುನೆಲವಾಗಿದ್ದ ಪ್ಲೀಹವೇ ಇಲ್ಲಿ ಹೆಬ್ಬಾಗಿಲು! ಆದರೆ ಸ್ತನದಿಂದ ಹೊರಟ ಕಣವು ಸಾಮಾನ್ಯವಾಗಿ ಹೃದಯವನ್ನೂ ಶ್ವಾಸಕೋಶವನ್ನೂ ದಾಟಿ, ಧಮನಿಯ ದಾರಿಯಿಂದ ಯಕೃತ್ತಿಗೆ ಬರತಕ್ಕುದು. ಆದಕಾರಣ ಈ ಕ್ರಮವು ನೆಲದ ಗುಣವನ್ನು ತಿಳಿಸಬಲ್ಲುದು. ಪ್ರಯಾಣದ ಕಥೆಯನ್ನು ಹೇಳಲಾರದು.

ಬೀಜವನ್ನರಿಯಲು ಒಂದು ಮಾದರಿ, ಕ್ಷೇತ್ರವನ್ನರಿಯಲು ಮತ್ತೊಂದು. ಒಂದರ ಫಲವನ್ನು ಮತ್ತೊಂದರ ಪ್ರಶ್ನೆಗೆ ಉತ್ತರವೆಂದು ಗ್ರಹಿಸಿದರೆ ಔಷಧದ ನಿರ್ಣಯವೇ ತಪ್ಪೀತು. ಅದರ ಫಲವನ್ನು ಉಣ್ಣುವವರು ರೋಗಿಗಳು.