ತೋಟದ ಮೂಲೆಯ ಡುಗುಡುಗು ಎಂಜಿನ್

ಮೊನ್ನೆ ಊರಿಗೆ ಹೋಗಿದ್ದೆ. ಊಟಕ್ಕೆ ಕೂತಾಗ ದೊಡ್ಡಪ್ಪ ಮೆಲ್ಲ ಹೇಳಿದರು, "ಆ ಹಳೇ ಎಂಜಿನನ್ನು ಗುಜರಿಯವ ಕೇಳಿದ್ದಾನೆ ಮಾರಾಯ. ಸುಮ್ಮನೆ ತುಕ್ಕು ಹಿಡಿಯುವುದು, ಕೊಟ್ಟುಬಿಡುವ." ನನಗೆ ಎದೆ ಧಸಕ್ಕೆಂದಿತು.

ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ತೋಟಕ್ಕೆ ಕರೆಂಟು ಬರುವ ಮುಂಚೆ ಕೆರೆಯ ನೀರು ಅಡಿಕೆಗೆ ಏರಿದ್ದು ಮೊದಲು ಏತದಿಂದ, ಆಮೇಲೆ ಇದರಿಂದ. ನಮ್ಮದು ಲಿಸ್ಟರ್ ಮಾದರಿಯದು. ಒಂದೇ ಸಿಲಿಂಡರ್, ಎರಡೂ ಬದಿಗೆ ಭಾರದ ಚಕ್ರ. ಇಂಗ್ಲೆಂಡಿನ ಲಿಸ್ಟರ್ ಕಂಪೆನಿ ಈ ಮಾದರಿ ತಂದದ್ದು 1930ರ ಆಸುಪಾಸಿನಲ್ಲಿ. ನಿಮಿಷಕ್ಕೆ ಬರೀ 600-650 ಸುತ್ತು, 5-6 ಅಶ್ವಶಕ್ತಿ. ಮುಂದೆ ರಾಜಕೋಟದ ಕಾರ್ಖಾನೆಗಳು ಇದನ್ನೇ ನಕಲು ಮಾಡಿ ಊರೂರಿಗೆ ಕಳಿಸಿದವು.

ಇದರ ವಂಶಾವಳಿ ದೊಡ್ಡದು. 1860ರಲ್ಲಿ ಪ್ಯಾರಿಸಿನಲ್ಲಿ ಲೆನ್ವಾ ಮಾಡಿದ ಎಂಜಿನ್ ಓಡಿದ್ದು ಬೀದಿದೀಪ ಉರಿಸುವ ಕಲ್ಲಿದ್ದಲ ಗ್ಯಾಸಿನಿಂದ. 1876ರಲ್ಲಿ ಜರ್ಮನಿಯ ಆಟೋ ನಾಲ್ಕು ಸ್ಟ್ರೋಕಿನ ಗ್ಯಾಸ್ ಎಂಜಿನ್ ಮಾಡಿದ. 1897ರ ಹೊತ್ತಿಗೆ ಡೀಸೆಲ್‌ನ ಎಂಜಿನ್ ಓಡಿ ತೋರಿಸಿತು. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಟ್ಟಿದ ಸಂಸ್ಥೆ 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪೆನಿಯನ್ನೇ ತೆರೆಯಿತು.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕೂಲ್‌ಸ್ಪ್ರಿಂಗ್ ಎಂಬಲ್ಲಿ 1985ರಿಂದ ಇಂಥ ಹಳೇ ಗ್ಯಾಸ್ ಎಂಜಿನ್‌ಗಳಿಗೇ ಒಂದು ಮ್ಯೂಸಿಯಂ ಇದೆ. ಪ್ರದರ್ಶನದ ದಿನ ಅವನ್ನು ಓಡಿಸಿಯೇ ತೋರಿಸುತ್ತಾರೆ. ಬೆಂಗಳೂರಿನಲ್ಲಿ 1962ರಲ್ಲಿ ನೆಹರೂ ಉದ್ಘಾಟಿಸಿದ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲೂ ಎಂಜಿನ್ ಹಾಲ್ ಇದೆ. ಧರ್ಮಸ್ಥಳದ ಮಂಜೂಷಾದವರು ಹಳೇ ಕಾರುಗಳನ್ನು ಜೋಪಾನ ಮಾಡಿದ್ದಾರೆ. ಕಾರಿಗೆ ಸಿಕ್ಕ ಮರ್ಯಾದೆ ತೋಟದ ಪಂಪಿಗೂ ಸಿಗಬೇಡವೇ?

ಹಾಗಂತ ಉಳಿಸುವುದೆಂದರೆ ತಿಕ್ಕಿ ತೊಳೆದು ಹೊಸ ಪೈಂಟ್ ಬಳಿಯುವುದಲ್ಲ. (ನಾನೂ ಹಾಗೇ ಅಂದುಕೊಂಡಿದ್ದೆ!) ಹಳೇ ಬಣ್ಣ, ಕಂಪೆನಿಯ ಫಲಕ, ಅಜ್ಜನ ಕೈ ತಾಗಿ ಸವೆದ ಹ್ಯಾಂಡಲ್, ಊರ ಮೆಕ್ಯಾನಿಕ್ ಹಾಕಿದ ತೇಪೆ, ಇವೇ ಅದರ ಚರಿತ್ರೆ. ಒಮ್ಮೆ ಉಜ್ಜಿದರೆ ಹೋಯಿತು. ನಮ್ಮ ಮಳೆಗೆ ತುಕ್ಕೇ ದೊಡ್ಡ ಶತ್ರು. ಒಳಗೆ ನಿಂತ ನೀರು ಬಸಿಯಬೇಕು, ಸಿಲಿಂಡರಿಗೆ ಎಣ್ಣೆ ಬಿಡಬೇಕು, ಆಗಾಗ ಚಕ್ರವನ್ನು ಕೈಯಲ್ಲಿ ತಿರುಗಿಸಬೇಕು. ಓಡಿಸಬೇಕೇ ಬೇಡವೇ? ಓಡಿಸಿದರೆ ಮೂಲ ಭಾಗಗಳು ಸವೆಯುತ್ತವೆ. ಓಡಿಸದಿದ್ದರೆ ಮಕ್ಕಳಿಗೆ ಅದು ಬರೀ ಕಬ್ಬಿಣ. ವರ್ಷಕ್ಕೊಮ್ಮೆ ಓಡಿಸಿ, ಉಳಿದ ದಿನ ಮೆಲ್ಲನೆ ತಿರುಗಿಸಿ ತೋರಿಸಿದರೆ ಸಾಕು ಅನ್ನುವುದು ನನ್ನ ಲೆಕ್ಕ.

ಎಲ್ಲಕ್ಕಿಂತ ಮೊದಲು ಕಥೆ ಉಳಿಯಬೇಕು. ಮಧ್ಯಾಹ್ನ ದೊಡ್ಡಪ್ಪನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ಮೊಬೈಲ್ ಆನ್ ಮಾಡಿದೆ. ಕಂಪ್ರೆಶನ್ ಬಿಡಿಸುವ ಲಿವರ್ ಎತ್ತಿ, ಹ್ಯಾಂಡಲ್ ಸುತ್ತಿ, ವೇಗ ಬಂದ ಕೂಡಲೇ ಲಿವರ್ ಬಿಡುವುದು ಹೇಗೆಂದು ತೋರಿಸಿದರು. ಮನೆಯಲ್ಲಿ ಈಗ ಅದು ಗೊತ್ತಿರುವುದು ಅವರೊಬ್ಬರಿಗೇ. ಒಂದು ಗಂಟೆ ಮಾತಾಡಿದರು. ಕೊನೆಗೆ, "ಇರಲಿ ಬಿಡು, ಗುಜರಿಯವನಿಗೆ ಬೇಡ ಅನ್ನುತ್ತೇನೆ" ಅಂದರು.

ನಿಮ್ಮ ಮನೆಯ ಮೂಲೆಯಲ್ಲೂ ಇಂಥದ್ದೊಂದು ಇದೆಯಾ? ತೂಕಕ್ಕೆ ಹಾಕುವ ಮುಂಚೆ ಓಡಿಸಿದವರನ್ನು ಒಮ್ಮೆ ಮಾತಾಡಿಸಿ.