ಹೆಂಗಸರೇ ಕೂಡಿ ಹತ್ತಿದ ಬೆಟ್ಟಗಳು

ಕಳೆದ ಏಪ್ರಿಲ್‌ನಲ್ಲಿ ನಮ್ಮ ಸಂಘದ ಮಹಿಳೆಯರು ಮಾತ್ರ ಸೇರಿ ಜಬಲ್ ಅಖ್ದರ್‌ಗೆ ಎರಡು ದಿನದ ಚಾರಣ ಹೋಗಿಬಂದೆವು. ವಾಟ್ಸಾಪ್ ಗುಂಪಿನಲ್ಲಿ ಪ್ರಕಟಣೆ ಹಾಕಿ ಹತ್ತು ನಿಮಿಷವಾಗಿರಲಿಲ್ಲ, ಹಿರಿಯರೊಬ್ಬರು ಕೇಳಿದರು: "ಗಂಡಸರು ಯಾಕಮ್ಮಾ ಬೇಡ? ಗಾಡಿ ಓಡಿಸೋಕಾದರೂ ಒಬ್ಬರು ಬೇಡವೇ?" ಅವರು ತಮಾಷೆಗೇ ಕೇಳಿದ್ದು. ನಾವೂ ನಗುಮುಖದ ಚಿತ್ರ ಹಾಕಿ ಸುಮ್ಮನಾದೆವು. ಆದರೆ ಪ್ರಶ್ನೆ ನಮ್ಮೊಳಗೇ ಉಳಿಯಿತು. ಹಿಂದೆ ಹೀಗೆ ಹೆಂಗಸರೇ ಕೂಡಿ ಬೆಟ್ಟಕ್ಕೆ ಹೋದವರು ಯಾರು? ಯಾಕೆ ಹಾಗೆ ಹೋದರು? ನೈಟ್ ಡ್ಯೂಟಿಯ ಬಿಡುವಿನಲ್ಲಿ, ಮಕ್ಕಳು ಮಲಗಿದ ಮೇಲೆ, ಸಿಕ್ಕಷ್ಟು ಓದಿದೆವು. ಆ ಓದನ್ನು ಈ ಸಂಚಿಕೆಯಲ್ಲಿ ನಿಮ್ಮ ಜೊತೆ ಹಂಚಿಕೊಳ್ಳುತ್ತಿದ್ದೇವೆ.

ಮೊದಲೇ ಒಂದು ಲೆಕ್ಕ ಹೇಳಿಬಿಡುತ್ತೇವೆ. ಚಾರಣಕ್ಕೆ ಹೆಸರು ಕೊಟ್ಟವರು 19 ಜನ. ಹೊರಟವರು 11. ಉಳಿದ ಎಂಟು ಜನರಲ್ಲಿ ಮಂಡಿನೋವು ಎಂದವರು ಒಬ್ಬರೇ. ಮಿಕ್ಕವರಲ್ಲಿ ಕೆಲವರಿಗೆ ರಜೆ ಸಿಗಲಿಲ್ಲ, ಕೆಲವರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿರಲಿಲ್ಲ, ಇನ್ನು ಕೆಲವರು ಆ ತಿಂಗಳು ಊರಿಗೆ ಹೆಚ್ಚು ಹಣ ಕಳಿಸಬೇಕಿತ್ತು. ಚರಿತ್ರೆ ಓದುತ್ತಾ ಹೋದಂತೆ ನಮಗೆ ಮತ್ತೆ ಮತ್ತೆ ಸಿಕ್ಕಿದ್ದು ಇದೇ ಎಂಟು ಜನರ ಕಥೆ.

ಬಾಗಿಲು ತೆರೆಯದ ಸಂಘ

ಬೆಟ್ಟ ಹತ್ತುವವರ ಮೊದಲ ದೊಡ್ಡ ಸಂಘ ಹುಟ್ಟಿದ್ದು 1857ರಲ್ಲಿ, ಲಂಡನ್ನಿನಲ್ಲಿ. ಹೆಸರು ಆಲ್ಪೈನ್ ಕ್ಲಬ್. ಅದಕ್ಕೆ ಗಂಡಸರು ಮಾತ್ರ ಸದಸ್ಯರು. ಅಷ್ಟು ಹೊತ್ತಿಗಾಗಲೇ ಹೆಂಗಸರು ಬೆಟ್ಟ ಹತ್ತಿ ಇಳಿದಾಗಿತ್ತು. ಆಲ್ಪ್ಸ್ ಪರ್ವತಗಳಲ್ಲಿ ಅತಿ ಎತ್ತರದ ಮಾಂಟ್ ಬ್ಲಾಂಕ್ ಶಿಖರವನ್ನು 1808ರಲ್ಲೇ ಮರಿ ಪಾರಾದಿ ಎಂಬ ಹೆಣ್ಣುಮಗಳು ಏರಿದ್ದಳು. ಶಿಖರದ ಬುಡದ ಶಾಮೊನಿ ಕಣಿವೆಯ ಬಡವರ ಮನೆಯವಳು ಅವಳು. ಮೂವತ್ತು ವರ್ಷದ ನಂತರ, 1838ರಲ್ಲಿ, ಆಂರಿಯೆಟ್ ದಾಂಜವಿಲ್ ಎಂಬಾಕೆ ತಾನೇ ಏರ್ಪಾಡು ಮಾಡಿಕೊಂಡು ಅದೇ ಶಿಖರ ಏರಿದಳು.

ಹತ್ತುವ ಶಕ್ತಿ ಇತ್ತು, ಸದಸ್ಯತ್ವ ಇರಲಿಲ್ಲ. ಕೊನೆಗೆ 1907ರಲ್ಲಿ ಲಂಡನ್ನಿನ ಮಹಿಳೆಯರು ತಮ್ಮದೇ ಲೇಡೀಸ್ ಆಲ್ಪೈನ್ ಕ್ಲಬ್ ಕಟ್ಟಿದರು. ಎಲಿಜಬೆತ್ ಲೆ ಬ್ಲಾಂಡ್ ಅದರ ಮೊದಲ ಅಧ್ಯಕ್ಷೆ. ಮರುವರ್ಷ ಸ್ಕಾಟ್ಲೆಂಡಿನ ಮಹಿಳೆಯರೂ ಹಾಗೇ ಮಾಡಿದರು. ಲಂಡನ್ನಿನ ಎರಡು ಸಂಘಗಳು ಒಂದಾದದ್ದು 1975ರಲ್ಲಿ. ಬಾಗಿಲು ತೆರೆಯಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಆದ್ದರಿಂದ 'ಹೆಂಗಸರು ಮಾತ್ರ' ಎಂಬ ಮಾತು ಗಂಡಸರ ಮೇಲಿನ ಸಿಟ್ಟಿನಿಂದ ಹುಟ್ಟಿದ್ದಲ್ಲ, ಬೇರೆ ದಾರಿ ಇಲ್ಲದೆ ಹುಟ್ಟಿದ್ದು.

ಹಿಮಾಲಯಕ್ಕೆ ಬಂದವರು

1955ರಲ್ಲಿ ಸ್ಕಾಟ್ಲೆಂಡಿನ ಆ ಮಹಿಳಾ ಸಂಘದ ಮೂವರು ನೇಪಾಳದ ಜುಗಲ್ ಹಿಮಾಲ್‌ಗೆ ಬಂದರು. ಮೋನಿಕಾ ಜಾಕ್ಸನ್, ಎಲಿಜಬೆತ್ ಸ್ಟಾರ್ಕ್, ಎವೆಲಿನ್ ಕ್ಯಾಮ್ರಾಸ್. ಮಹಿಳೆಯರೇ ಸೇರಿ ಹಿಮಾಲಯಕ್ಕೆ ಮಾಡಿದ ಮೊದಲ ದಂಡಯಾತ್ರೆ ಇದು. ಅಲ್ಲಿಯವರೆಗೆ ಯಾರೂ ಹತ್ತಿರದ ಶಿಖರವೊಂದನ್ನು ಏರಿ, ಅದಕ್ಕೆ ತಮ್ಮ ಶೆರ್ಪಾ ಮುಖ್ಯಸ್ಥ ಮಿಂಗ್ಮಾ ಗ್ಯಾಲ್ಗೆನ್ ಅವರ ಹೆಸರನ್ನೇ ಇಟ್ಟರು. ಈ ಸಾಲು ಓದಿದಾಗ ನಮಗೆ ತುಂಬಾ ಸಂತೋಷವಾಯಿತು. ಗಲ್ಫ್‌ನಲ್ಲಿ ಇಷ್ಟು ವರ್ಷ ದುಡಿದ ನಮಗೆ ಗೊತ್ತು, ಕಟ್ಟಡ ಕಟ್ಟಿದವನ ಹೆಸರು ಕಟ್ಟಡದ ಮೇಲೆ ಇರುವುದು ಅಪರೂಪ.

ಎಲ್ಲವೂ ಸುಖಾಂತವಲ್ಲ. 1959ರಲ್ಲಿ ಫ್ರಾನ್ಸಿನ ಕ್ಲೋದ್ ಕೊಗಾನ್ ಅವರ ನಾಯಕತ್ವದಲ್ಲಿ ಹಲವು ದೇಶಗಳ ಮಹಿಳೆಯರು ಚೋ ಓಯು ಶಿಖರಕ್ಕೆ ಹೊರಟರು. ತೇನ್‌ಸಿಂಗ್ ನೋರ್ಗೆ ಅವರ ಇಬ್ಬರು ಹೆಣ್ಣುಮಕ್ಕಳೂ ತಂಡದಲ್ಲಿದ್ದರು. ಹಿಮಕುಸಿತದಲ್ಲಿ ಕೊಗಾನ್, ಬೆಲ್ಜಿಯಂನ ಕ್ಲೋದಿನ್ ಮತ್ತು ಇಬ್ಬರು ಶೆರ್ಪಾಗಳು ತೀರಿಕೊಂಡರು. ಬೆಟ್ಟ ಹೆಂಗಸು ಗಂಡಸು ಎಂದು ನೋಡುವುದಿಲ್ಲ. ಮಹಿಳೆಯರ ತಂಡ ಎಂದು ಬರೆಯುವಾಗಲೂ ಹೊರೆ ಹೊತ್ತು ಪ್ರಾಣ ಕೊಟ್ಟ ಶೆರ್ಪಾಗಳನ್ನು ಮರೆಯಬಾರದು.

ಸೀಟಿನ ಹೊದಿಕೆಯಿಂದ ಕೈಗವಸು

ನಮ್ಮನ್ನು ಹೆಚ್ಚು ತಟ್ಟಿದ ಹೆಸರು ಜಪಾನಿನ ಜುಂಕೊ ತಾಬೆಯಿ. 1939ರಲ್ಲಿ ಫುಕುಶಿಮಾ ಪ್ರಾಂತ್ಯದಲ್ಲಿ ಹುಟ್ಟಿದವರು. ತಮ್ಮ ಜೊತೆ ಹತ್ತಲು ಕೆಲವು ಗಂಡಸರು ಒಪ್ಪದಿದ್ದಾಗ, 1969ರಲ್ಲಿ ಮಹಿಳೆಯರದೇ ಆರೋಹಣ ಸಂಘ ಕಟ್ಟಿದರು. ಮರುವರ್ಷವೇ ಅನ್ನಪೂರ್ಣ 3 ಶಿಖರ ಏರಿದರು. ಮುಂದಿನ ಗುರಿ ಎವರೆಸ್ಟ್.

ಹಣ ಕೇಳಲು ಹೋದ ಕಡೆ, ಮನೆಯಲ್ಲಿದ್ದು ಮಕ್ಕಳನ್ನು ಬೆಳೆಸಿ ಎಂಬ ಉತ್ತರ ಸಿಕ್ಕಿತು. ಕೊನೆಗೆ ಒಂದು ಪತ್ರಿಕೆ ಮತ್ತು ಒಂದು ಟಿವಿ ಸಂಸ್ಥೆ ಒಪ್ಪಿದವು. ಆದರೂ ಸಾಲದೆ, ತಂಡದ ಪ್ರತಿಯೊಬ್ಬರೂ ಹೆಚ್ಚುಕಡಿಮೆ ಒಂದು ವರ್ಷದ ಸಂಬಳದಷ್ಟು ಹಣ ಹಾಕಬೇಕಾಯಿತು. ತಾಬೆಯಿ ಪಿಯಾನೊ ಪಾಠ ಹೇಳಿ ಕೂಡಿಸಿದರು. ಹಳೆಯ ಕಾರಿನ ಸೀಟಿನ ಹೊದಿಕೆ ಕತ್ತರಿಸಿ ನೀರು ಇಳಿಯದ ಚೀಲ, ಕೈಗವಸು ಹೊಲಿದುಕೊಂಡರು. ಆ ಹದಿನೈದು ಜನರಲ್ಲಿ ಶಿಕ್ಷಕಿಯರಿದ್ದರು, ಬೇರೆ ಬೇರೆ ನೌಕರಿಯವರಿದ್ದರು. ತಾಬೆಯಿ ಅವರಿಗೇ ಮನೆಯಲ್ಲಿ ಪುಟ್ಟ ಮಗಳಿದ್ದಳು.

1975ರ ಮೇ 4ರ ರಾತ್ರಿ ಡೇರೆಯ ಮೇಲೆ ಹಿಮ ಕುಸಿಯಿತು. ಅಡಿಯಲ್ಲಿ ಸಿಕ್ಕಿಬಿದ್ದ ತಾಬೆಯಿ ಸುಮಾರು ಆರು ನಿಮಿಷ ಪ್ರಜ್ಞೆ ಇಲ್ಲದೆ ಇದ್ದರು. ಶೆರ್ಪಾ ಅವರ ಕಾಲು ಹಿಡಿದು ಹೊರಗೆಳೆದರು. ನಡೆಯಲೂ ಕಷ್ಟವಾಗಿತ್ತು. ಹನ್ನೆರಡು ದಿನದ ಮೇಲೆ, ಮೇ 16ರಂದು, ಆಂಗ್ ತ್ಸೆರಿಂಗ್ ಶೆರ್ಪಾ ಜೊತೆಯಲ್ಲಿ ಅವರು ಎವರೆಸ್ಟ್ ತುದಿಯಲ್ಲಿದ್ದರು. ಅಲ್ಲಿಗೆ ತಲುಪಿದ ಮೊದಲ ಮಹಿಳೆ. ಹನ್ನೊಂದೇ ದಿನದಲ್ಲಿ, ಚೀನಾ ತಂಡದ ಟಿಬೆಟ್ ಮಹಿಳೆ ಫಾಂತೋಗ್ ಉತ್ತರದ ಕಡೆಯಿಂದ ಅದೇ ತುದಿ ಮುಟ್ಟಿದರು.

ಬೇಸ್ ಕ್ಯಾಂಪಿನಲ್ಲಿ ಅಡುಗೆಗೆ ಬನ್ನಿ

ಅಮೆರಿಕದ ಆರ್ಲೀನ್ ಬ್ಲಮ್ ನಮ್ಮ ಕಸುಬಿಗೆ ಹತ್ತಿರದವರು. ಜೀವರಸಾಯನ ಶಾಸ್ತ್ರಜ್ಞೆ. ಮಕ್ಕಳ ರಾತ್ರಿ ಉಡುಪಿಗೆ ಬೆಂಕಿ ಹತ್ತದಂತೆ ಹಚ್ಚುತ್ತಿದ್ದ ರಾಸಾಯನಿಕದ ಅಪಾಯವನ್ನು ತೋರಿಸಿಕೊಟ್ಟವರಲ್ಲಿ ಒಬ್ಬರು. ಅಲಾಸ್ಕಾದ ಡೆನಾಲಿ ಶಿಖರಕ್ಕೆ ಹೋಗಬೇಕೆಂದಾಗ, ಮಹಿಳೆಯರು ಬೇಸ್ ಕ್ಯಾಂಪಿನವರೆಗೆ ಬಂದು ಅಡುಗೆಗೆ ನೆರವಾಗಬಹುದು ಎಂಬ ಉತ್ತರ ಅವರಿಗೆ ಬಂದಿತ್ತು. 1970ರಲ್ಲಿ ಮಹಿಳೆಯರೇ ಸೇರಿ ಅದೇ ಶಿಖರ ಏರಿದರು. ದಾರಿಯಲ್ಲಿ ನಾಯಕಿ ಕಾಯಿಲೆ ಬಿದ್ದಾಗ ಹೊಣೆ ಹೊತ್ತು ಕೆಳಗೆ ಕರೆತಂದವರು ಬ್ಲಮ್.

1978ರಲ್ಲಿ ಅವರದೇ ನಾಯಕತ್ವದಲ್ಲಿ ಅನ್ನಪೂರ್ಣ ದಂಡಯಾತ್ರೆ ನಡೆಯಿತು. ಖರ್ಚಿನ ಬಹುಭಾಗವನ್ನು ಟೀ-ಶರ್ಟ್ ಮಾರಿ ಕೂಡಿಸಿದರು. ನಾವು ಸಂಘದ ಕಾರ್ಯಕ್ರಮಗಳಲ್ಲಿ ಚುರುಮುರಿ ಸ್ಟಾಲ್ ಹಾಕುತ್ತೇವಲ್ಲ, ಹಾಗೆ! ಅಕ್ಟೋಬರ್ 15ರಂದು ಇಬ್ಬರು ಮಹಿಳೆಯರು, ಇಬ್ಬರು ಶೆರ್ಪಾಗಳು ಶಿಖರ ಮುಟ್ಟಿದರು. ಎರಡು ದಿನದ ನಂತರ ಮೇಲಕ್ಕೆ ಹೊರಟ ಎರಡನೆಯ ಜೋಡಿ, ಅಲಿಸನ್ ಮತ್ತು ವೆರಾ ವಾಟ್ಸನ್, ಮರಳಿ ಬರಲಿಲ್ಲ.

ನಮ್ಮ ದೇಶದವರು

ಬಚೇಂದ್ರಿ ಪಾಲ್ ಅವರ ಹೆಸರು ಶಾಲೆಯ ಪುಸ್ತಕದಿಂದಲೇ ಗೊತ್ತು. ಉತ್ತರಕಾಶಿಯ ಹತ್ತಿರದ ಹಳ್ಳಿಯವರು. ಎಂ.ಎ., ಬಿ.ಎಡ್. ಓದಿದರೂ ಓದಿಗೆ ತಕ್ಕ ಕೆಲಸ ಸಿಗದೆ ಪರ್ವತಾರೋಹಣ ಕಲಿಯಲು ಹೋದವರು ಎಂಬುದು ಮಾತ್ರ ನಮಗೆ ಹೊಸ ಸಂಗತಿ. 1984ರ ಮೇ ತಿಂಗಳಲ್ಲಿ ಹಿಮಕುಸಿತ ಅವರ ಡೇರೆಯ ಮೇಲೂ ಬಿತ್ತು. ತಲೆಗೆ ಪೆಟ್ಟಾಗಿಯೂ ಹಿಂತಿರುಗದೆ ಮೇ 23ರಂದು ಎವರೆಸ್ಟ್ ಏರಿದರು. ಅದು ಗಂಡಸರೂ ಇದ್ದ ತಂಡ. 1993ರಲ್ಲಿ ಅವರೇ ಭಾರತ-ನೇಪಾಳ ಮಹಿಳಾ ತಂಡಕ್ಕೆ ನಾಯಕಿಯಾದರು. ಏಳು ಮಹಿಳೆಯರೂ ಸೇರಿ 18 ಜನ ಶಿಖರ ತಲುಪಿದರು. ಸಂತೋಷ್ ಯಾದವ್ ಎರಡನೆಯ ಬಾರಿ ಎವರೆಸ್ಟ್ ಏರಿದ ಮೊದಲ ಮಹಿಳೆಯಾದದ್ದು ಆಗಲೇ.

ಇದಕ್ಕಿಂತ ನಮಗೆ ಹೆಚ್ಚು ಇಷ್ಟವಾದದ್ದು ಅವರ ನಡಿಗೆಗಳು. 1997ರಲ್ಲಿ ಎಂಟು ಮಹಿಳೆಯರು ಅರುಣಾಚಲದಿಂದ ಸಿಯಾಚಿನ್‌ವರೆಗೆ 225 ದಿನ ನಡೆದರು. 2022ರಲ್ಲಿ ಐವತ್ತು ದಾಟಿದ ಮಹಿಳೆಯರ ತಂಡ ಮತ್ತೆ ಹಿಮಾಲಯದ ಉದ್ದಕ್ಕೂ 4,500 ಕಿ.ಮೀ.ಗೂ ಹೆಚ್ಚು ದೂರದ ದಾರಿ ಹಿಡಿಯಿತು. ನಾಯಕಿ ಬಚೇಂದ್ರಿ ಅವರಿಗೆ ಆಗ 67 ವರ್ಷ. ಬೆಂಗಳೂರು, ಮೈಸೂರಿನಿಂದಲೂ ಅರವತ್ತು ದಾಟಿದ ಒಬ್ಬೊಬ್ಬರು ಆ ತಂಡದಲ್ಲಿದ್ದರು. ಇದನ್ನು ಓದಿ ಹೇಳಿದಾಗ, "ನನಗೆ ನಲವತ್ತಾರು, ಇನ್ನೇನು ಬೆಟ್ಟ" ಎನ್ನುತ್ತಿದ್ದ ಶಿವಮೊಗ್ಗದ ನರ್ಸ್ ಅಕ್ಕ ಅವತ್ತೇ ಶೂಸ್ ಕೊಂಡರು.

ನಾವು ದುಡಿಯುವ ನೆಲದವರು

ಇಲ್ಲಿನ ಮಹಿಳೆಯರೂ ಹಿಂದೆ ಬಿದ್ದವರಲ್ಲ. ಸೌದಿಯ ರಾಹಾ ಮುಹರ್ರಕ್ 2013ರಲ್ಲಿ ಎವರೆಸ್ಟ್ ಏರಿದರು, ಆ ದೇಶದ ಮೊದಲ ಮಹಿಳೆ. 2019ರ ಮೇ 23ರಂದು ಒಮಾನಿನ ನಧೀರಾ ಅಲ್ ಹಾರ್ಥಿ ಏರಿದರು. ನಮ್ಮ ಹಾಗೆಯೇ ನೌಕರಿ ಮಾಡುತ್ತಿದ್ದವರು, ಶಿಕ್ಷಣ ಇಲಾಖೆಯಲ್ಲಿ. ಅವರು ಹೋದದ್ದು ನಾಲ್ಕು ಅರಬ್ ಮಹಿಳೆಯರ ತಂಡದಲ್ಲಿ. ಮೇ 23 ಬಚೇಂದ್ರಿ ಅವರು ಏರಿದ ತಾರೀಖೂ ಹೌದು.

ಇನ್ನು ನಮ್ಮ ಚಾರಣ. ಅದು ಈ ಸಾಲಿಗೆ ಸೇರುವ ಸಾಹಸವಲ್ಲ. ಬಿರ್ಕತ್ ಅಲ್ ಮೌಜ್‌ನಲ್ಲಿ ಖತ್ಮೀನ್ ಫಲಜ್ ನೋಡಿದೆವು. 2006ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಒಮಾನಿನ ಐದು ನೀರಿನ ಕಾಲುವೆಗಳಲ್ಲಿ ಅದೂ ಒಂದು. ಅಲ್ಲಿಂದ ಮೇಲಕ್ಕೆ ಪೊಲೀಸರು ಫೋರ್ ವೀಲ್ ಗಾಡಿಯನ್ನು ಮಾತ್ರ ಬಿಡುತ್ತಾರೆ. ಎರಡು ಗಾಡಿ, ಓಡಿಸಿದವರು ನಮ್ಮವರೇ ಇಬ್ಬರು. ಹಿರಿಯರ ಪ್ರಶ್ನೆಗೆ ಅಲ್ಲಿಗೆ ಉತ್ತರ ಸಿಕ್ಕಿತು.

ನಮ್ಮದು ಆಸ್ಪತ್ರೆಯ ಫಾರ್ಮಸಿ ಕೆಲಸವಾದ್ದರಿಂದ ಔಷಧಿ ಡಬ್ಬಿಯ ಹೊಣೆ ನಮಗೇ ಬಂತು. ಎತ್ತರಕ್ಕೆ ಮಾತ್ರೆ ಬೇಡವೇ ಎಂದು ಎಲ್ಲರೂ ಕೇಳಿದರು. ಸೈಕ್ ಬಯಲು ಸುಮಾರು 2,000 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ತುಸು ಹೆಚ್ಚು ಅಷ್ಟೇ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ದಾಟಿದ ಮೇಲೆ. ಹಾಗಾಗಿ ಅಸೆಟಜೋಲಮೈಡ್ ಬಿಟ್ಟು ಓ.ಆರ್.ಎಸ್., ಕ್ರೇಪ್ ಬ್ಯಾಂಡೇಜ್, ನೋವಿನ ಮಾತ್ರೆ, ಒಬ್ಬರ ಇನ್ಹೇಲರ್ ತೆಗೆದುಕೊಂಡೆವು. ಖರ್ಚಾದದ್ದು ಓ.ಆರ್.ಎಸ್. ಮಾತ್ರ.

ಅಲ್ ಅಖರ್, ಅಲ್ ಐನ್, ಶುರೈಜಾ ಹಳ್ಳಿಗಳ ನಡುವಿನ ಹಳೆಯ ಕಾಲುದಾರಿಯಲ್ಲಿ ನಡೆದೆವು. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಗದ್ದೆಗಳಲ್ಲಿ ಗುಲಾಬಿ, ದಾಳಿಂಬೆ. ಒಂದು ಮನೆಯಲ್ಲಿ ಪನ್ನೀರು ಇಳಿಸುತ್ತಿದ್ದರು. ಮಣ್ಣಿನ ಒಲೆಯ ಮೇಲೆ ಮಡಕೆ, ಮಡಕೆಯಲ್ಲಿ ಎಸಳು, ಒಳಗೊಂದು ಚಿಕ್ಕ ಪಾತ್ರೆ, ಬಾಯಿಗೆ ತಣ್ಣೀರು ತುಂಬಿದ ತಾಮ್ರದ ಬೋಗುಣಿ. ಆವಿ ಮೇಲೆ ತಾಗಿ ತಣಿದು ಹನಿಹನಿಯಾಗಿ ಒಳಪಾತ್ರೆಗೆ ಬೀಳುತ್ತದೆ. ಡಿಪ್ಲೊಮಾ ಪರೀಕ್ಷೆಗೆ ಚಿತ್ರ ಬರೆದು ಬಾಯಿಪಾಠ ಮಾಡಿದ ಡಿಸ್ಟಿಲೇಷನ್ ಇದೇ. ಆ ಪಾಠ ಕಣ್ಣಮುಂದೆ ಹೀಗೆ ನಡೆಯುವುದನ್ನು ನೋಡಲು ಇಷ್ಟು ವರ್ಷ ಬೇಕಾಯಿತು.

ಆ ಮನೆಯ ಅಜ್ಜಿ ನಮ್ಮ ಹಿಂದೆ ಮುಂದೆ ನೋಡಿ ಕೇಳಿದರು, "ವೇನ್ ರಿಜಾಲ್?" ಗಂಡಸರೆಲ್ಲಿ? ನಮ್ಮ ಹರಕುಮುರುಕು ಅರಬಿಯಲ್ಲಿ, "ರಿಜಾಲ್ ಫಿ ಬೈತ್" ಎಂದೆವು, ಮನೆಯಲ್ಲಿದ್ದಾರೆ. ಅಜ್ಜಿ ಬಾಯಿ ತುಂಬ ನಕ್ಕು, ಕಹ್ವಾ, ಖರ್ಜೂರ ಕೊಟ್ಟರು. ನಾವು ಕೋಡುಬಳೆ ಕೊಟ್ಟೆವು. ಒಂದು ಕಚ್ಚಿ, ಉಳಿದದ್ದನ್ನು ಮೊಮ್ಮಕ್ಕಳಿಗೆಂದು ಕಟ್ಟಿಟ್ಟುಕೊಂಡರು.

ಆ ರಾತ್ರಿ ಚಿತ್ರಾನ್ನ ಊಟ ಮಾಡಿ ಕೂತಾಗ ಮಾತೆಲ್ಲ ಬರದವರ ಬಗ್ಗೆಯೇ. ಅವರಲ್ಲಿ ಒಬ್ಬರು ಮನೆಗೆಲಸದಲ್ಲಿರುವ ಕುಂದಾಪುರದ ಕಡೆಯವರು. ತಿಂಗಳಿಗೆ ಎರಡೇ ದಿನ ರಜೆ. ಎರಡನ್ನೂ ಕೂಡಿಸಿ ಕೊಡಿ ಎಂದು ಕೇಳಿದ್ದರು, ಮೊದಲು ಹೂಂ ಎಂದವರು ಹೊರಡುವ ಹಿಂದಿನ ದಿನ ಆಗುವುದಿಲ್ಲ ಎಂದರು. ಅವರು ಹುರಿದುಕೊಟ್ಟ ಅವಲಕ್ಕಿ ಡಬ್ಬಿ ಮಾತ್ರ ನಮ್ಮ ಜೊತೆ ಬೆಟ್ಟಕ್ಕೆ ಬಂದಿತ್ತು. ಗಟ್ಟಿಮುಟ್ಟಾದ ಹೆಂಗಸು. ನಮ್ಮೆಲ್ಲರಿಗಿಂತ ಮುಂದೆ ನಡೆಯುತ್ತಿದ್ದರೋ ಏನೋ.

ಪಾರಾದಿಯಿಂದ ತಾಬೆಯಿವರೆಗೆ ಕಾಲಿನ ಶಕ್ತಿ ಯಾರಿಗೂ ಕಡಿಮೆ ಇರಲಿಲ್ಲ. ಕಡಿಮೆಯಿದ್ದದ್ದು ಸದಸ್ಯತ್ವ, ಹಣ, ಬಿಡುವು, ಮಗು ನೋಡಿಕೊಳ್ಳುವ ಕೈ. ಅವನ್ನು ಅವರು ಒಬ್ಬೊಬ್ಬರೇ ಅಲ್ಲ, ಸಂಘ ಕಟ್ಟಿಕೊಂಡು ಗಳಿಸಿದರು. ನಮಗೂ ಸಂಘವಿದೆ. ಆದ್ದರಿಂದ ಮುಂದಿನ ಚಾರಣಕ್ಕೆ ಮೂರು ಏರ್ಪಾಡು ಮಾಡಿದ್ದೇವೆ. ತಾರೀಖನ್ನು ಮೂರು ತಿಂಗಳು ಮೊದಲೇ ಹೇಳುತ್ತೇವೆ. ಖರ್ಚನ್ನು ತಿಂಗಳಿಗಿಷ್ಟೆಂದು ಕಂತಿನಲ್ಲಿ ಕೊಡಬಹುದು. ಆ ಎರಡು ದಿನ ಮಕ್ಕಳನ್ನು ನೋಡಿಕೊಳ್ಳಲು ನಾಲ್ಕು ಮನೆಯವರು ಈಗಾಗಲೇ ಒಪ್ಪಿದ್ದಾರೆ. ಅದರಲ್ಲೊಂದು, ಮೊದಲ ದಿನ ಪ್ರಶ್ನೆ ಕೇಳಿದ ಹಿರಿಯರ ಮನೆ.

ಇದನ್ನು ಓದುತ್ತಿರುವವರಲ್ಲಿ ಡ್ಯೂಟಿ ಪಟ್ಟಿ ಬರೆಯುವವರಿದ್ದೀರಿ, ಮನೆಗೆಲಸಕ್ಕೆ ಜನ ಇಟ್ಟುಕೊಂಡವರಿದ್ದೀರಿ. ನಿಮ್ಮ ಕೈಕೆಳಗಿನ ಹೆಣ್ಣುಮಗಳೊಬ್ಬಳು ಆ ಎರಡು ದಿನ ರಜೆ ಕೇಳಿದರೆ ದಯವಿಟ್ಟು ಕೊಡಿ. ಕೊಟ್ಟ ಮೇಲೆ ಹಿಂದಿನ ದಿನ ವಾಪಸ್ ತೆಗೆದುಕೊಳ್ಳಬೇಡಿ.